ಚಿಕ್ಕ ಮಕ್ಕಳೊಂದಿಗೆ ಬೆಟ್ಟ, ಜಲಪಾತ: ಹೊರಡುವ ಮೊದಲಿನಿಂದ ಮನೆ ಸೇರುವವರೆಗೆ

ಬೆಟ್ಟಕ್ಕೆ ಹೋದರೆ ಮೊದಲು ಹತ್ತುತ್ತೇವೆ, ಆಮೇಲೆ ಇಳಿಯುತ್ತೇವೆ. ಜಲಪಾತಕ್ಕೆ ಹೋದರೆ ಮೊದಲು ಇಳಿಯುತ್ತೇವೆ, ಆಮೇಲೆ ಹತ್ತುತ್ತೇವೆ. ಇಷ್ಟು ಸರಳ ಸಂಗತಿ ನನಗೆ ಮನದಟ್ಟಾದದ್ದು ಸೋಮವಾರಪೇಟೆ ಕಡೆಯ ಮಲ್ಲಳ್ಳಿ ಜಲಪಾತದ ಮೆಟ್ಟಿಲುಗಳ ಮೇಲೆ. ಮಗಳಿಗೆ ಆಗ ನಾಲ್ಕು ವರ್ಷ ತುಂಬಿತ್ತು. ಪುಷ್ಪಗಿರಿಯ ತಪ್ಪಲಿನಲ್ಲಿ ಕುಮಾರಧಾರೆ ಧುಮುಕುವ ಆ ಜಾಗಕ್ಕೆ ಅವಳು ಕುಣಿಯುತ್ತಲೇ ಇಳಿದಳು. ಮೆಟ್ಟಿಲು ಎಣಿಸಿದಳು, ನೂರರ ನಂತರ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದಳು. ನೀರಿನ ತುಂತುರು ಮುಖಕ್ಕೆ ಬಡಿದಾಗ ಕೇಕೆ ಹಾಕಿದಳು. ವಾಪಸು ಹತ್ತುವಾಗ ಇಪ್ಪತ್ತೋ ಮೂವತ್ತೋ ಮೆಟ್ಟಿಲಿಗೆ ಕುಳಿತುಬಿಟ್ಟಳು. ಉಳಿದಷ್ಟೂ ಮೆಟ್ಟಿಲುಗಳನ್ನು ನಾನು ಮತ್ತು ನನ್ನ ಗಂಡ ಸರದಿಯ ಮೇಲೆ ಅವಳನ್ನು ಹೊತ್ತು ಹತ್ತಿದೆವು. ಮಧ್ಯದಲ್ಲಿ ಮಳೆಯೂ ಸೇರಿಕೊಂಡಿತು.

ಆ ದಿನದಿಂದ ನಾನು ಯಾವ ಜಾಗಕ್ಕೆ ಹೊರಟರೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಮಗು ದಣಿದ ಮೇಲೆ ಉಳಿಯುವ ದಾರಿ ಎಂಥದ್ದು? ನೋಡಲು ಎಷ್ಟು ಚೆನ್ನಾಗಿದೆ, ಎಷ್ಟು ಎತ್ತರವಿದೆ ಎಂಬುದೆಲ್ಲ ಆಮೇಲಿನ ಮಾತು. ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳನ್ನು ಬೆಟ್ಟ ಕಾಡಿಗೆ ಕರೆದೊಯ್ಯಲು ಯೋಚಿಸುತ್ತಿರುವ ತಂದೆ ತಾಯಂದಿರಿಗೆ, ಹಲವು ವರ್ಷ ಓಡಾಡಿ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮೆಟ್ಟಿಲಿರುವ ಬೆಟ್ಟದಲ್ಲಿ ಅಳತೆ ನೋಡಿ

ಮೊದಲ ನಡಿಗೆಗೇ ಕಾಡಿನ ದಾರಿ ಬೇಡ. ನಮ್ಮಲ್ಲಿ ದೇವರ ಬೆಟ್ಟಗಳಿಗೆ ಬರವಿಲ್ಲ. ಮೆಟ್ಟಿಲಿದೆ, ಕುಳಿತುಕೊಳ್ಳಲು ಮಂಟಪವಿದೆ, ನೀರು ಸಿಗುತ್ತದೆ, ಸುತ್ತ ಜನರಿರುತ್ತಾರೆ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೇಲೆ ಹೋಗಿ ಕೆಳಗಿನ ಕಲ್ಯಾಣಿಯನ್ನು ತೋರಿಸಿದರೆ, ತಾನು ಎಷ್ಟು ಎತ್ತರಕ್ಕೆ ಬಂದಿದ್ದೇನೆ ಎಂದು ಮಗುವಿಗೆ ಹೇಳಬೇಕಾಗಿಯೇ ಇಲ್ಲ. ಇಳಿದ ಮೇಲೆ ಪುಳಿಯೋಗರೆ ಇದೆ ಎಂಬ ಮಾತು ಕೊನೆಯ ಐವತ್ತು ಮೆಟ್ಟಿಲುಗಳಿಗೆ ಸಾಕು.

ಮೈಸೂರಿನವರು ಚಾಮುಂಡಿ ಬೆಟ್ಟವನ್ನು ಕೆಳಗಿನಿಂದಲೇ ಹತ್ತಿಸಬೇಕಾಗಿಲ್ಲ. ಬಸ್ಸಿನಲ್ಲಿ ಮೇಲೆ ಹೋಗಿ, ಅಲ್ಲಿಂದ ನಂದಿಯವರೆಗಿನ ಸುಮಾರು 300 ಮೆಟ್ಟಿಲುಗಳನ್ನು ಇಳಿಸಿ ನೋಡಿ. ನಂದಿಯ ಹತ್ತಿರಕ್ಕೆ ವಾಹನದ ದಾರಿಯೂ ಇರುವುದರಿಂದ ಮಗು ಸೋತರೆ ಪರದಾಡಬೇಕಿಲ್ಲ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಹೋಗುವವರಿಗೆ ಒಂದು ಮಾತು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಬಿಸಿಲೇರಿದ ಮೇಲೆ ಆ ಕಲ್ಲು ಹೆಂಚಿನಂತೆ ಕಾಯುತ್ತದೆ. ದೊಡ್ಡವರ ಅಂಗಾಲು ತಡೆದುಕೊಳ್ಳಬಹುದು, ಮಗುವಿನದು ತಡೆಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹತ್ತಿ, ಬಂಡೆ ಕಾಯುವ ಮೊದಲು ಇಳಿದುಬಿಡಿ. ಮಕ್ಕಳಿಗೆ ದಪ್ಪನೆಯ ಕಾಲುಚೀಲ ಕೈಯಲ್ಲಿರಲಿ.

ಈ ಬೆಟ್ಟಗಳಲ್ಲಿ ಮೂರು ಸಂಗತಿ ಗಮನಿಸಿ: ಮಗು ಎಷ್ಟು ಹೊತ್ತಿಗೆ ಮೊದಲ ಸಲ "ಸಾಕು" ಎಂದಿತು, ಏನಾದರೂ ತಿಂದ ಮೇಲೆ ಮತ್ತೆ ಎದ್ದು ನಡೆಯಿತೇ, ಇಳಿಯುವಾಗ ಕಾಲು ನಡುಗಿತೇ. ನನ್ನ ಅನುಭವದಲ್ಲಿ ನಾಲ್ಕು ವರ್ಷದ ಮಗು ಹೋಗಿ ಬರುವುದೂ ಸೇರಿ ಎರಡು ಕಿಲೋಮೀಟರ್ ಖುಷಿಯಿಂದ ನಡೆಯುತ್ತದೆ, ಆರು ಏಳು ವರ್ಷಕ್ಕೆ ಅದು ನಾಲ್ಕೈದು ಕಿಲೋಮೀಟರ್ ಆಗುತ್ತದೆ. ನಿಮ್ಮ ಮಗುವಿನ ಲೆಕ್ಕ ಬೇರೆಯೇ ಇರಬಹುದು. ಆದ್ದರಿಂದಲೇ ಅಳೆದು ನೋಡಬೇಕು. ಇನ್ನು ಮಗುವನ್ನು ಎತ್ತಿಕೊಂಡ, ಮಂಟಪದಲ್ಲಿ ಕುಳಿತ ಸಮಯವನ್ನೆಲ್ಲ ಸೇರಿಸಿದರೆ, ದೊಡ್ಡವರು ಒಂದು ಗಂಟೆಯಲ್ಲಿ ಮುಗಿಸುವ ದಾರಿಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಎರಡನೆಯದು: ಜಾಗ ಆರಿಸುವುದು

ನಾನು ಚಿಕ್ಕ ಮಕ್ಕಳಿರುವ ಯಾರಿಗೇ ಆಗಲಿ ಮೊದಲು ಹೇಳುವ ಹೆಸರು ಕವಲೇದುರ್ಗ. ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ, ಕೆಳದಿ ಅರಸರ ಕೋಟೆ. ನಡಿಗೆ ಶುರುವಾಗುವುದು ಗದ್ದೆಯ ಬದಿಯಲ್ಲಿ. ಆಮೇಲೆ ಕಲ್ಲುಚಪ್ಪಡಿ ಹಾಸಿದ ಹಳೆಯ ದಾರಿ ಮರಗಳ ನಡುವೆ ನಿಧಾನವಾಗಿ ಏರುತ್ತದೆ. ಮಕ್ಕಳಿಗೆ ಈ ದಾರಿ ಯಾಕೆ ಒಗ್ಗುತ್ತದೆ ಎಂದರೆ, ಸ್ವಲ್ಪ ನಡೆದರೆ ಒಂದು ಹೆಬ್ಬಾಗಿಲು, ಇನ್ನಷ್ಟು ನಡೆದರೆ ಇನ್ನೊಂದು. ತುದಿ ಎಲ್ಲೋ ದೂರದಲ್ಲಿದೆ ಎನಿಸುವುದೇ ಇಲ್ಲ, ಮುಂದಿನ ಬಾಗಿಲು ಮಾತ್ರ ಕಣ್ಣ ಮುಂದಿರುತ್ತದೆ. ಕಾವಲುಗಾರರ ಕಟ್ಟೆಯ ಮೇಲೆ ಕೂರಬಹುದು. ಮೇಲೆ ಕೊಳವಿದೆ, ದೇವಸ್ಥಾನವಿದೆ, ಅರಮನೆಯ ಅಡಿಪಾಯವಿದೆ. ಮಗುವಿಗೆ ಅಷ್ಟು ಸಾಕೆನಿಸಿದರೆ ಯಾವ ಬಾಗಿಲಿನಿಂದ ಬೇಕಾದರೂ ಹಿಂತಿರುಗಬಹುದು, ಏನನ್ನೋ ಕಳೆದುಕೊಂಡಂತೆ ಅನ್ನಿಸುವುದಿಲ್ಲ. ಅರ್ಧಕ್ಕೆ ಬಿಟ್ಟರೂ ತುಂಬಿಕೊಂಡು ಬರುವ ಜಾಗ ಅದು. ಕೊಳದ ಅಂಚಿಗೆ ತಡೆ ಇಲ್ಲ, ಅಲ್ಲಿ ಮಾತ್ರ ಕೈ ಬಿಡಬೇಡಿ.

ಅಲ್ಲಿಂದ ಆಗುಂಬೆ ದೂರವಿಲ್ಲ. ಅಜ್ಜ ಅಜ್ಜಿಯರೂ ಜೊತೆಗಿದ್ದರೆ ಕುಂದಾದ್ರಿ ನೋಡಿ. ವಾಹನ ಬಹುತೇಕ ಮೇಲಿನವರೆಗೂ ಹೋಗುತ್ತದೆ, ಆಮೇಲೆ ಕೆಲವು ಮೆಟ್ಟಿಲು, ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ನಡುವಿನ ಕೊಳ. ದಾರಿ ಕಡಿದು, ತಿರುವು ಹೆಚ್ಚು. ಗಾಡಿ ಓಡಿಸುವವರಿಗೆ ಘಾಟಿಯ ಅಭ್ಯಾಸವಿರಬೇಕು.

ಜಲಪಾತಗಳಲ್ಲಿ ಶೃಂಗೇರಿ ಬಳಿಯ ಕಿಗ್ಗದ ಸಿರಿಮನೆ ನನ್ನ ಮೆಚ್ಚಿನದು. ಇಳಿಯುವ ಮೆಟ್ಟಿಲು ಮಿತವಾಗಿದೆ. ದಕ್ಷಿಣ ಕೊಡಗಿನ ಇರ್ಪು ಇನ್ನೊಂದು. ರಾಮೇಶ್ವರ ದೇವಸ್ಥಾನದಿಂದ ಕಾಡಿನ ನಡುವೆ ಕಾಲುದಾರಿ, ಮೆಟ್ಟಿಲು, ಕೊನೆಯಲ್ಲಿ ಬ್ರಹ್ಮಗಿರಿಯಿಂದ ಇಳಿದು ಬರುವ ಲಕ್ಷ್ಮಣತೀರ್ಥ. ಇಲ್ಲಿ ಬೆಟ್ಟದಂತೆಯೇ ಮೊದಲು ಏರು, ಬರುವಾಗ ಇಳಿಜಾರು. ಕಾಫಿ ತೋಟದ ನಡುವಿನ ಮಡಿಕೇರಿಯ ಅಬ್ಬಿ ಜಲಪಾತಕ್ಕೆ ನಡಿಗೆ ತೀರ ಕಡಿಮೆ, ಜನ ಮಾತ್ರ ವಿಪರೀತ. ರಜೆಯ ದಿನ ಬೇಡ.

ಜೋಗಕ್ಕೆ ಹೋದರೆ ಮೇಲಿನಿಂದಲೇ ನೋಡಿ. 253 ಮೀಟರ್ ಎತ್ತರದಿಂದ ಶರಾವತಿ ನಾಲ್ಕು ಕವಲಾಗಿ ಬೀಳುವುದನ್ನು ಮಗು ನೋಡಬೇಕಾದದ್ದು ಅಲ್ಲಿಂದಲೇ. ಬುಡಕ್ಕೆ ಇಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳು ಚಿಕ್ಕ ಮಕ್ಕಳಿಗಲ್ಲ. ಕುದುರೆಮುಖ, ಕುಮಾರಪರ್ವತ, ಮಾಗಡಿಯ ಸಾವನದುರ್ಗ ಇವೂ ಸದ್ಯಕ್ಕೆ ಬೇಡ. ಕುದುರೆಮುಖ ಒಂದೇ ದಿನದಲ್ಲಿ ಸುಮಾರು 20 ಕಿಲೋಮೀಟರ್ ನಡಿಗೆ. ಸಾವನದುರ್ಗದ ಒಂಟಿ ಬಂಡೆಯ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ಮಕ್ಕಳು ಬೆಳೆಯುತ್ತಾರೆ, ಬೆಟ್ಟ ಅಲ್ಲೇ ಇರುತ್ತದೆ.

ರಾಜ್ಯದ ಅತಿ ಎತ್ತರದ ಶಿಖರಕ್ಕೆ ಮಗುವನ್ನು ಹತ್ತಿಸಬೇಕೆಂಬ ಆಸೆ ಹಲವರಿಗಿರುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೂ ರಸ್ತೆ ಮುಗಿಯುವಲ್ಲಿಂದ ಗುಡಿಯವರೆಗೆ ಮೆಟ್ಟಿಲುಗಳಿವೆ, ಆರು ವರ್ಷದ ಮಗು ಹತ್ತುತ್ತದೆ. ಅಲ್ಲಿನ ತೊಂದರೆ ಎತ್ತರವಲ್ಲ, ಗಾಳಿ. ಕಿವಿ ಮುಚ್ಚುವ ಟೋಪಿ ಇಲ್ಲದೆ ಹೋಗಬೇಡಿ.

ಕಾಡಿನೊಳಗಿನ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ, ಮುಂಗಡ ನೋಂದಣಿ ಬೇಕಾಗುತ್ತದೆ. ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ನೋಡಿ. ಮಳೆ ಜೋರಾದಾಗ ಜಿಲ್ಲಾಡಳಿತ ಕೆಲವು ಜಾಗಗಳಿಗೆ ಪ್ರವೇಶ ನಿಷೇಧಿಸುತ್ತದೆ. ಹಿಂದಿನ ದಿನ ಸ್ಥಳೀಯ ಹೋಮ್‌ಸ್ಟೇಯವರಿಗೋ ಅಂಗಡಿಯವರಿಗೋ ಫೋನ್ ಮಾಡಿದರೆ ತಿಳಿಯುತ್ತದೆ.

ಮೂರನೆಯದು: ಯಾವ ಮಳೆಗೆ ಹೊರಡಬೇಕು

ಜಲಪಾತವೆಂದರೆ ಎಲ್ಲರಿಗೂ ಜುಲೈ ನೆನಪಾಗುತ್ತದೆ. ಮಕ್ಕಳಿದ್ದರೆ ನಾನು ಜುಲೈಯಲ್ಲಿ ಹೊರಡುವುದಿಲ್ಲ. ಆರಿದ್ರೆಯಿಂದ ಆಶ್ಲೇಷದವರೆಗೆ ಮಲೆನಾಡಿನಲ್ಲಿ ಮಳೆ ಬಿಟ್ಟು ಬಿಟ್ಟು ಬರುವುದಲ್ಲ, ಹಿಡಿದರೆ ಬಿಡುವುದಿಲ್ಲ. ಹಾವಸೆ ಕಟ್ಟಿದ ಕಲ್ಲು, ಮಂಜು, ಇಂಬಳ (ಕಾಡಿನ ಜಿಗಣೆ), ಯಾವಾಗ ಉಕ್ಕುವುದೋ ತಿಳಿಯದ ಹಳ್ಳ. ಜಲಪಾತದ ಎದುರು ನಿಂತರೂ ಮಂಜಿನಲ್ಲಿ ಸದ್ದು ಮಾತ್ರ ಕೇಳಿಸುವ ದಿನಗಳೇ ಹೆಚ್ಚು.

ಬೇಸಿಗೆಯಲ್ಲಿ ಹಲವು ಜಲಪಾತಗಳು ಬರೀ ಬಂಡೆ. ಜೊತೆಗೆ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳದಿಂದ ಹರಡುವ ಮಂಗನ ಕಾಯಿಲೆಯ ಕಾಲ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇವೆರಡರ ನಡುವೆ ಒಂದು ಕಿಂಡಿ ಇದೆ. ದಸರಾ ರಜೆಯಿಂದ ಹಿಡಿದು ನವೆಂಬರ್ ಕೊನೆಯವರೆಗೆ. ಹಳ್ಳಗಳಲ್ಲಿ ನೀರು ತಿಳಿಯಾಗಿ ಹರಿಯುತ್ತಿರುತ್ತದೆ, ಇಂಬಳ ಕಡಿಮೆಯಾಗಿರುತ್ತದೆ, ಗದ್ದೆ ಇನ್ನೂ ಹಸಿರಾಗಿರುತ್ತದೆ, ಉಣುಗಿನ ಕಾಲ ಶುರುವಾಗಿರುವುದಿಲ್ಲ. ಮಕ್ಕಳ ಶಾಲೆಗೂ ರಜೆ. ಒಂದೇ ಎಚ್ಚರಿಕೆ: ಚಿತ್ತಾ, ಸ್ವಾತಿ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಡನೆ ಬರುತ್ತವೆ. ಆದ್ದರಿಂದ ಬೆಳಿಗ್ಗೆ ಏಳಕ್ಕೆ ನಡಿಗೆ ಶುರು ಮಾಡಿ, ಹನ್ನೆರಡರ ಹೊತ್ತಿಗೆ ಬಯಲು ನೆತ್ತಿಯಿಂದ ಕೆಳಗಿರಬೇಕು. ಗುಡುಗು ಕೇಳಿಸಿತೆಂದರೆ ತುದಿ ಹತ್ತು ನಿಮಿಷ ದೂರದಲ್ಲಿದ್ದರೂ ಹಿಂತಿರುಗಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ನಾಲ್ಕನೆಯದು: ಚೀಲ ತುಂಬುವುದು

ಕೊಡೆ ಬೇಡ, ಬೆಟ್ಟದ ಗಾಳಿಗೆ ನಿಲ್ಲುವುದಿಲ್ಲ, ಕೈಯನ್ನೂ ಕಟ್ಟಿಹಾಕುತ್ತದೆ. ಮಕ್ಕಳಿಗೆ ಗಾಢ ಕೆಂಪು ಅಥವಾ ಹಳದಿ ಬಣ್ಣದ ರೇನ್‌ಕೋಟ್ ಕೊಡಿಸಿ. ಹಸಿರು, ಕಂದು ಬಣ್ಣದ ಬಟ್ಟೆ ತೊಟ್ಟ ಮಗು ಹತ್ತು ಮಾರು ದೂರ ಹೋದರೂ ಕಾಡಿನಲ್ಲಿ ಕಾಣುವುದಿಲ್ಲ. ಅಡಿ ಸವೆದ ಶಾಲೆಯ ಬೂಟು ಒದ್ದೆ ಕಲ್ಲಿನ ಮೇಲೆ ಸೋಪಿನಂತೆ ಜಾರುತ್ತದೆ. ಆಳವಾದ ಹಲ್ಲುಗಳಿರುವ ರಬ್ಬರ್ ಅಡಿಯ ಬೂಟು ಬೇಕು, ಹೊಸದಾಗಿದ್ದರೆ ಒಂದು ವಾರ ಮೊದಲೇ ಹಾಕಿಸಿ ರೂಢಿ ಮಾಡಿಸಿ.

ಒಂದು ಪೂರ್ತಿ ಜೊತೆ ಒಣಬಟ್ಟೆ, ಟವೆಲ್, ನೀರು, ಒಂದು ಓಆರ್‌ಎಸ್ ಪೊಟ್ಟಣ, ಮಗುವಿನ ತೂಕಕ್ಕೆ ವೈದ್ಯರು ಹೇಳಿದ ಜ್ವರದ ಔಷಧಿ, ಗಾಯಕ್ಕೆ ಪಟ್ಟಿ, ಟಾರ್ಚ್, ಸಣ್ಣ ಬಟ್ಟೆಯಲ್ಲಿ ಕಟ್ಟಿದ ಪುಡಿಯುಪ್ಪು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಅರ್ಧ ಲೋಟಕ್ಕೆ ಸುರಿಯುವುದು ತಪ್ಪು.

ತಿಂಡಿ ಸಣ್ಣ ಸಣ್ಣ ಪೊಟ್ಟಣಗಳಲ್ಲಿರಲಿ. ಕಡಲೆ ಮಿಠಾಯಿ, ಖರ್ಜೂರ, ಕಿತ್ತಳೆ, ಉಪ್ಪು ಸವರಿದ ಸೌತೆಕಾಯಿ. ಊಟಕ್ಕೆ ಚಿತ್ರಾನ್ನ, ಜೊತೆಗೆ ಪುಟ್ಟ ಡಬ್ಬಿಯಲ್ಲಿ ಮೊಸರನ್ನ. ಮಂಗಗಳಿರುವ ಜಾಗದಲ್ಲಿ ತಿಂಡಿಯನ್ನು ಮಗುವಿನ ಕೈಗೆ ಕೊಡಬೇಡಿ, ಪ್ಲಾಸ್ಟಿಕ್ ಕವರಿನ ಸದ್ದಿಗೇ ಅವು ಬರುತ್ತವೆ. ತಂದ ಕವರು, ಬಾಟಲಿ, ಡೈಪರ್ ಎಲ್ಲವೂ ಮನೆಗೇ ವಾಪಸು. ಇದಕ್ಕೆಂದೇ ಒಂದು ಬಟ್ಟೆಚೀಲವನ್ನು ಮಗುವಿನ ಹೆಗಲಿಗೇ ಹಾಕಿ, ಹೆಮ್ಮೆಯಿಂದ ಹೊರುತ್ತದೆ.

ಮೂರು ವರ್ಷದೊಳಗಿನ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದಾದರೆ ಒಂದು ಮಾತು ನೆನಪಿಡಿ. ನಡೆಯುವ ನಿಮಗೆ ಸೆಕೆಯಾಗುತ್ತದೆ, ಅಲುಗಾಡದೆ ಕುಳಿತ ಮಗುವಿಗೆ ಚಳಿಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಇಳಿಸಿ ಕೈಕಾಲು ಮುಟ್ಟಿ ನೋಡಿ, ಆಡಲು ಬಿಡಿ.

ಐದನೆಯದು: ದಾರಿಯಲ್ಲಿ

ಮಗು ಮುಂದೆ, ಅದರ ಹಿಂದೆ ಒಂದು ಕೈಯಳತೆಯಲ್ಲಿ ದೊಡ್ಡವರು. ಕಡಿದಾದ ಕಡೆ ಏರುವಾಗ ನೀವು ಹಿಂದೆ, ಇಳಿಯುವಾಗ ನೀವು ಮುಂದೆ. ಜಾರಿದರೆ ನಿಮ್ಮ ಮೇಲೆಯೇ ಬೀಳಬೇಕು. ಕಣಿವೆಯ ಬದಿಗೆ ಯಾವಾಗಲೂ ನೀವಿರಿ. ಮಗುವಿನ ಕೊರಳಿಗೆ ಒಂದು ಸೀಟಿ ಕಟ್ಟಿ, ನಾವು ಕಾಣದಿದ್ದರೆ ಹುಡುಕಿಕೊಂಡು ಹೋಗಬಾರದು, ಹತ್ತಿರದ ಮರವನ್ನು ತಬ್ಬಿಕೊಂಡು ನಿಂತಲ್ಲೇ ನಿಂತು ಊದಬೇಕು ಎಂದು ಹೇಳಿಕೊಡಿ. ಹೇಳಿದರೆ ಸಾಲದು, ಮನೆಯ ಹತ್ತಿರದ ಉದ್ಯಾನದಲ್ಲಿ ಆಟದಂತೆ ಆಡಿಸಿ.

ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕವಲೇದುರ್ಗದ ಎರಡನೇ ಬಾಗಿಲ ಬಳಿ ನನ್ನ ಮಗಳು ಒಂದು ಸಾವಿರಕಾಲಿನ ಹುಳವನ್ನು ಕಂಡಳು. ಕಪ್ಪು, ಹೊಳೆಯುವ ಮೈ, ಅವಳ ಅಂಗೈಯಷ್ಟು ಉದ್ದ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೊಡನೆ ಚಕ್ಕುಲಿಯಂತೆ ಸುತ್ತಿಕೊಂಡಿತು. ಅವಳು ಮೊಣಕಾಲೂರಿ, ಗಲ್ಲವನ್ನು ಕಲ್ಲುಚಪ್ಪಡಿಗೆ ಆನಿಸಿ ಕಾಯುತ್ತ ಕುಳಿತಳು. ಐದಾರು ನಿಮಿಷದ ಮೇಲೆ ಸುರುಳಿ ಬಿಚ್ಚಿತು, ಮೊದಲು ಎರಡು ಮೀಸೆ, ಆಮೇಲೆ ಅಲೆಯಂತೆ ಕಾಲುಗಳು. "ಅಮ್ಮ, ಅದಕ್ಕೆ ನಾವು ಹೋದೆವು ಅನ್ನಿಸಿದೆ" ಎಂದು ಪಿಸುಗುಟ್ಟಿದಳು. ನಾವು ಅಲ್ಲಿ ಇಪ್ಪತ್ತು ನಿಮಿಷ ನಿಂತೆವು. ಆ ದಿನದ ಬಗ್ಗೆ ಅಜ್ಜಿಗೆ ಅವಳು ಹೇಳಿದ್ದು ಆ ಹುಳದ ಕತೆಯನ್ನೇ. ಇಂಥ ನಿಲುಗಡೆಗಳಿಗೆ ಸಮಯ ಇಟ್ಟುಕೊಂಡೇ ಹೊರಡಿ. ಹುಳವನ್ನು ಬರಿಗೈಯಲ್ಲಿ ಮುಟ್ಟಿಸಬೇಡಿ, ಅದು ಬಿಡುವ ರಸ ಕಣ್ಣಿಗೆ ತಾಕಿದರೆ ಉರಿಯುತ್ತದೆ.

ಎಲೆಗಳ ರಾಶಿಗೆ, ಕಲ್ಲಿನ ಸಂದಿಗೆ ಕೈ ಹಾಕಬಾರದು, ಕೊಂಬೆ ಹಿಡಿಯುವ ಮೊದಲು ನೋಡಬೇಕು ಎಂಬುದು ಕಟ್ಟುನಿಟ್ಟಿನ ನಿಯಮವಾಗಿರಲಿ. ಪಶ್ಚಿಮ ಘಟ್ಟದ ಗುಳಿಮಂಡಲ ಹಾವುಗಳು ಕೊಂಬೆಯ ಮೇಲೆ ಎಲೆಯಂತೆಯೇ ಅಲುಗಾಡದೆ ಕೂರುತ್ತವೆ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಮಗುವನ್ನು ನಡೆಸದೆ ಎತ್ತಿಕೊಂಡು ಆದಷ್ಟು ಬೇಗ ಆಸ್ಪತ್ರೆ ಸೇರಬೇಕು. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹೊರಡುವ ಮುನ್ನವೇ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ.

ಆರನೆಯದು: ನೀರಿನ ಹತ್ತಿರ

ಇದನ್ನು ನಿಧಾನವಾಗಿ ಓದಿ. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದಲ್ಲಿ, ಭೂಶಿ ಅಣೆಕಟ್ಟೆಯ ಹಿಂಬದಿಯ ಜಲಪಾತದ ತೊರೆಯಲ್ಲಿ ನಿಂತಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ಮಕ್ಕಳಿದ್ದರು. 2023ರ ಜುಲೈಯಲ್ಲಿ ನಮ್ಮದೇ ಕೊಲ್ಲೂರಿನ ಅರಿಶಿನಗುಂಡಿಯಲ್ಲಿ ಬಂಡೆಯ ಅಂಚಿನಲ್ಲಿ ನಿಂತಿದ್ದ ಯುವಕ ಜಾರಿ ಬಿದ್ದು ತೀರಿಕೊಂಡ. ತೊರೆಯಲ್ಲಿ ನಿಂತವರಿಗೆ ಮೇಲೆ ಬೆಟ್ಟದಲ್ಲಿ ಮಳೆ ಸುರಿದದ್ದು ತಿಳಿಯುವುದಿಲ್ಲ. ಇಲ್ಲಿ ಬಿಸಿಲಿದ್ದರೂ ಅಲ್ಲಿ ಬಿದ್ದ ನೀರು ಬಂದೇ ಬರುತ್ತದೆ.

ನಾನು ಪಾಲಿಸುವ ಕ್ರಮ ಹೀಗಿದೆ. ತಲುಪಿದೊಡನೆ ನೀರಿನ ಮಧ್ಯದಲ್ಲಿ ತಲೆ ಎತ್ತಿರುವ ಒಂದು ಕಲ್ಲನ್ನು ಗುರುತು ಮಾಡಿಕೊಳ್ಳುತ್ತೇನೆ. ಎರಡು ಮೂರು ನಿಮಿಷಕ್ಕೊಮ್ಮೆ ಅದರ ಮೇಲೆ ಕಣ್ಣಿಡುವುದು ಒಬ್ಬರ ಕೆಲಸ, ಅವರು ಫೋಟೊ ತೆಗೆಯುವಂತಿಲ್ಲ. ಕಲ್ಲು ಸ್ವಲ್ಪ ಮುಳುಗಿದರೂ, ತಿಳಿನೀರು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದರೂ, ತರಗೆಲೆ ಕಡ್ಡಿಗಳು ಒಮ್ಮೆಲೇ ತೇಲಿ ಬಂದರೂ, ಸದ್ದು ದಪ್ಪಗಾದರೂ ಚೀಲ, ಚಪ್ಪಲಿ ಎಲ್ಲ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ದಡದ ಮೇಲಕ್ಕೆ ಹತ್ತಬೇಕು. ಆಚೆ ದಡದಲ್ಲಿ ಸಿಕ್ಕಿಕೊಳ್ಳದಂತೆ, ವಾಹನವಿರುವ ಬದಿಯಲ್ಲೇ ಇರಿ.

ಮಳೆಗಾಲದಲ್ಲಿ ಮಕ್ಕಳು ನೀರಿಗೆ ಇಳಿಯುವುದೇ ಬೇಡ. ತಿಳಿನೀರಿನ ಕಾಲದಲ್ಲೂ ಜಲಪಾತದ ಕೆಳಗಿನ ಗುಂಡಿಗೆ ಬೇಡ. ಅಲ್ಲಿ ಆಳ ಕಾಣುವುದಿಲ್ಲ, ಸುಳಿ ಇರುತ್ತದೆ, ಮೇಲಿನಿಂದ ಕಲ್ಲು ಬೀಳುವುದೂ ಉಂಟು. ಬಹಳಷ್ಟು ಕೆಳಗೆ, ಹಳ್ಳ ಹರಡಿಕೊಂಡು ಮಗುವಿನ ಪಾದ ಮುಳುಗುವಷ್ಟೇ ಹರಿಯುವ ಜಾಗ ಸಿಗುತ್ತದೆ. ಅಲ್ಲಿ ಕಲ್ಲಿನ ಕಟ್ಟೆ ಕಟ್ಟಲಿ, ಎಲೆಯ ದೋಣಿ ಬಿಡಲಿ. ನೀರಿನಲ್ಲಿರುವಷ್ಟು ಹೊತ್ತೂ ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆಟುಕುವಷ್ಟು ಹತ್ತಿರ. 'ಈಜು ನಿಷೇಧ' ಎಂಬ ಫಲಕವಿದ್ದಲ್ಲಿ ಸಾಮಾನ್ಯವಾಗಿ ಅದರ ಹಿಂದೆ ಯಾರದೋ ಮನೆಯ ದುಃಖವಿರುತ್ತದೆ. ಆ ಮಾತನ್ನು ಮೀರಬೇಡಿ.

ಏಳನೆಯದು: ಇಂಬಳ ಮತ್ತು ಉಣುಗು

ಇಂಬಳಕ್ಕೆ ಹೆದರಬೇಡಿ, ಮುಖ್ಯವಾಗಿ ಮಗುವಿನ ಮುಂದೆ ಕಿರುಚಬೇಡಿ. ಅದು ರಕ್ತ ಹೀರುವುದಷ್ಟೇ, ರೋಗ ಹರಡುವುದಿಲ್ಲ. ಕಚ್ಚಿದ ಇಂಬಳದ ಮೇಲೆ ಉಪ್ಪಿನ ಗಂಟನ್ನು ಒದ್ದೆ ಮಾಡಿ ಒತ್ತಿದರೆ ತಾನೇ ಉದುರುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ತೊಳೆದು ಪಟ್ಟಿ ಒತ್ತಿ ಹಿಡಿದರೆ ಸಾಕು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಿಸದೆ ಕಲ್ಲಿನ ಮೇಲೆ ಕೂರಿಸಿ.

ಹೆದರಬೇಕಾದದ್ದು ಉಣುಗಿಗೆ, ಕೆಲವರು ಉಣ್ಣೆ ಎನ್ನುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಿಗೆ ಬೇಸಿಗೆಯಲ್ಲಿ ಹೋಗುವುದಿದ್ದರೆ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲವನ್ನು ಆರೋಗ್ಯ ಇಲಾಖೆ ಹಂಚುತ್ತದೆ, ಮಗುವಿಗೆ ಹಚ್ಚಬಹುದೇ ಎಂದು ಅಲ್ಲೇ ಕೇಳಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಾಡಿಗೆ ಹೋಗಲೇಬೇಡಿ.

ಕೊನೆಯದು: ಮನೆಗೆ ಬಂದ ಮೇಲೆ

ಮಗು ಕಾರಿನಲ್ಲೇ ನಿದ್ದೆ ಹೋಗಿರುತ್ತದೆ, ಹಾಗೆಯೇ ಮಲಗಿಸೋಣ ಎನಿಸುತ್ತದೆ. ಬೇಡ. ಎಬ್ಬಿಸಿ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿಸಿ. ಬೆಳಕಿನಲ್ಲಿ ಕಿವಿಯ ಹಿಂದೆ, ಕಂಕುಳು, ಸೊಂಟದ ಎಲಾಸ್ಟಿಕ್ ಇದ್ದ ಜಾಗ, ತೊಡೆಯ ಸಂದು, ಮೊಣಕಾಲಿನ ಹಿಂಬದಿ, ಕೂದಲ ಬುಡ ಎಲ್ಲವನ್ನೂ ನೋಡಿ. ಚಿಕ್ಕ ಉಣುಗು ಎಳ್ಳಿಗಿಂತ ಚಿಕ್ಕದು, ಬೆರಳಾಡಿಸಿದರೆ ತಿಳಿಯುತ್ತದೆ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದಲ್ಲೇ ಹಿಡಿದು ನೇರವಾಗಿ ಎಳೆಯಿರಿ, ಹಿಚುಕಬೇಡಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, "ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆವು" ಎಂಬುದು.

ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದುಡಿ ತುರುಕಿ, ಗಾಳಿ ಆಡುವಲ್ಲಿ ಇಡಿ. ಬೆಳಿಗ್ಗೆ ಹಾಳೆ ಬದಲಿಸಿದರೆ ಎರಡು ದಿನದಲ್ಲಿ ಒಣಗುತ್ತದೆ. ಮಗುವಿನ ಜೇಬು ನೋಡದೆ ಪ್ಯಾಂಟು ಒಗೆಯಬೇಡಿ, ಅಲ್ಲಿ ಕಲ್ಲುಗಳಿರುತ್ತವೆ, ಯಾವುದು ಎಲ್ಲಿಯದೆಂದು ಅದಕ್ಕೆ ನೆನಪಿರುತ್ತದೆ.